ಎತ್ತಿನ ಸೋಮವಾರ, ಅವ್ವನ ಶನಿವಾರ

ಶನಿವಾರ ಬೆಳಿಗ್ಗೆ ಯಾರ ಮನೆಯಲ್ಲಾದರೂ ವಾಷಿಂಗ್ ಮಷಿನ್ ಗಡಗಡ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಸಿಡ್ನಿಯ ಟೂಂಗಾಬಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ತಗಡಿನ ಬೇಲಿ ಅಷ್ಟೇ. ಆ ಮನೆಯವರು ಒಳ್ಳೆಯವರು, ದೀಪಾವಳಿಗೆ ಡಬ್ಬಿ ತುಂಬ ಸಿಹಿ ಕಳಿಸುತ್ತಾರೆ, ಅವರ ಮೇಲೆ ನನಗೇನೂ ಹಗೆಯಿಲ್ಲ. ಆದರೆ ವಾರವೆಲ್ಲ ದುಡಿದ ಆ ಮನೆಯ ಹೆಂಗಸು ಶನಿವಾರ ಎದ್ದವಳೇ ಮಷಿನ್ನಿಗೆ ಬಟ್ಟೆ ತುಂಬುತ್ತಾಳೆ. ಮೊದಲು ನೀರು ಸುರಿಯುವ ಸದ್ದು, ಆಮೇಲೆ ಹೊರಳಿಸುವ ಸದ್ದು, ಕೊನೆಗೆ ಮಷಿನ್ನೇ ಗೋಡೆ ಒಡೆದುಕೊಂಡು ಓಡಿಹೋಗುತ್ತದೇನೋ ಅನ್ನುವಂಥ ಗಡಗಡ. ಎಲ್ಲ ಮುಗಿದ ಮೇಲೆ ಅದು ಟೀ ಟೀ ಅಂತ ಕರೆಯುತ್ತದೆ, ಅವಳು ಚಪ್ಪಲಿ ಎಳೆದುಕೊಂಡು ಓಡುತ್ತಾಳೆ. ಮಷಿನ್ ಮೇಲೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರೆಯೇ ಅಂತ ನನ್ನ ಗಂಡ ನಗುತ್ತಾನೆ. ಮಾಡಿಕೊಳ್ಳುತ್ತಾರೆ. ನಾನು ಮಾಡಿಕೊಳ್ಳುತ್ತೇನೆ. ಶನಿವಾರ ಒಂದು ಕಾಲಕ್ಕೆ ನಮ್ಮವ್ವನದಾಗಿತ್ತು, ಅದನ್ನು ಅವಳ ಕೈಯಿಂದ ಕಿತ್ತುಕೊಂಡರು. ಇದನ್ನು ಹೇಳದೆ ನನ್ನ ಸಿಟ್ಟು ಇಳಿಯುವುದಿಲ್ಲ. ಹೇಳಿದ ಮೇಲೂ ಇಳಿಯುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾವು ಧಾರವಾಡ ಬಿಟ್ಟು ಮೆಲ್ಬರ್ನಿಗೆ ಬಂದಾಗ ನಾನಿನ್ನೂ ಪ್ರೈಮರಿ ಸ್ಕೂಲಿನ ಹುಡುಗಿ. ಕಾಲ್‌ಫೀಲ್ಡಿನಲ್ಲಿ ಕೆಂಪು ಇಟ್ಟಿಗೆಯ ಒಂದು ಹಳೆಯ ಮನೆ. ಅದರ ಹಿಂದಿನ ಭಾಗದಲ್ಲಿ ಅಪ್ಪ, ಅವ್ವ, ನಾನು ಬಾಡಿಗೆಗಿದ್ದೆವು. ಮುಂದಿನ ಭಾಗದಲ್ಲಿ ಮನೆಯ ಒಡತಿ ಮಿರಿಯಮ್ ಒಬ್ಬರೇ ಇದ್ದರು. ಯಹೂದಿ ಮುದುಕಿ, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪೋಲೆಂಡಿನಿಂದ ಹಡಗಿನಲ್ಲಿ ಒಬ್ಬರೇ ಬಂದಿದ್ದರಂತೆ. ಯಾಕೆ ಒಬ್ಬರೇ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವ್ವ ಮೊದಲ ದಿನವೇ ಅವರನ್ನು 'ಆಯಿ' ಅಂದಳು, ನಮ್ಮ ಕಡೆ ಅಜ್ಜಿಗೆ ಹಾಗೆ ಕರೆಯುತ್ತಾರೆ. ಆಯಿ ಮನೆ ಕೊಡುವಾಗ ಹಾಕಿದ್ದು ಒಂದೇ ಕರಾರು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಆಕಾಶದಲ್ಲಿ ಮೂರು ಚಿಕ್ಕಿ ಕಾಣುವವರೆಗೆ ಎರಡೂ ಭಾಗಕ್ಕೆ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ, ಅಂದರೆ ಲಾಂಡ್ರಿಯಲ್ಲಿ, ಮಷಿನ್ ಹಾಕಬಾರದು, ವ್ಯಾಕ್ಯೂಮ್ ಮಾಡಬಾರದು, ಹುಲ್ಲು ಕೊಯ್ಯುವ ಯಂತ್ರ ಹೊರಗೆ ತೆಗೆಯಬಾರದು. ಅದು ಅವರ 'ಶಬ್ಬೊಸ್', ವಿಶ್ರಾಂತಿಯ ದಿನ. ರೆಂಟ್ ಕಡಿಮೆ ಇದ್ದದ್ದರಿಂದ ಅಪ್ಪ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ನಮ್ಮ ಅರಿವಿ ನಾವು ಒಗಿಲಿಕ್ಕೆ ಈ ಮುದಿಕಿ ಪರ್ಮಿಷನ್ ಬೇಕೇನು?" ಅಂದರು.

ಅವ್ವ ಧಾರವಾಡದಲ್ಲಿ ಹೈಸ್ಕೂಲಿಗೆ ಕನ್ನಡ ಕಲಿಸುತ್ತಿದ್ದವಳು. ಇಲ್ಲಿ ಅವಳಿಗೆ ಸಿಕ್ಕ ಕೆಲಸ ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ. ಹಬೆಯಾಡುವ ಬಿಳಿ ಚಾದರಗಳ ಒಂದು ತುದಿ ಇವಳು, ಇನ್ನೊಂದು ತುದಿ ಒಬ್ಬ ವಿಯೆಟ್ನಾಮಿ ಹೆಂಗಸು ಹಿಡಿದು, ಹತ್ತಿರ ಬಂದು, ದೂರ ಹೋಗಿ, ದಿನವಿಡೀ ಮಡಚುವುದು. ಸಂಜೆ ಬಂದವಳ ಅಂಗೈ ಕೆಂಪಗೆ, ಒಣಗಿ, ಬ್ಲೀಚ್ ವಾಸನೆ ಹೊಡೆಯುತ್ತಿತ್ತು. ಆ ವಾಸನೆ ಅವಳು ತಟ್ಟಿದ ರೊಟ್ಟಿಗೂ ಬರುತ್ತಿದೆ ಅಂತ ಅಪ್ಪ ಒಂದು ಸಲ ಅಂದದ್ದನ್ನು ನಾನಿನ್ನೂ ಮರೆತಿಲ್ಲ. ಅಪ್ಪ ಕಂಪ್ಯೂಟರ್ ರಿಪೇರಿಯ ಕಾಂಟ್ರ್ಯಾಕ್ಟ್ ಕೆಲಸ ಮಾಡುತ್ತಿದ್ದರು. ಅವರೂ ದುಡಿದರು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ಅವರು ಕೂರುತ್ತಿದ್ದರು. ವಾರದ ಏಳೂ ದಿನ ಕೂರುತ್ತಿದ್ದರು, ಅದಕ್ಕೆ ಅವರಿಗೆ ಯಾವ ಧರ್ಮದ ಆಧಾರವೂ ಬೇಕಿರಲಿಲ್ಲ.

ಮೊದಲ ಶುಕ್ರವಾರವೇ ಅವ್ವ ಒಂದು ಎಡವಟ್ಟು ಮಾಡಿದಳು. ಹೊಸ ಮನೆಗೆ ಬಂದ ಖುಷಿಗೆ ಸಜ್ಜಕ ಮಾಡಿ ಒಂದು ಬಟ್ಟಲು ಆಯಿಗೆ ಕೊಡಲು ಹೋದಳು, ನಾನೂ ಹಿಂದೆ ಹೋದೆ. ಮೇಜಿನ ಮೇಲೆ ಎರಡು ಮೇಣದಬತ್ತಿ ಉರಿಯುತ್ತಿದ್ದವು. ಆಯಿ ಬಟ್ಟಲು ಇಸಿದುಕೊಂಡು ನನ್ನ ಕೆನ್ನೆ ಸವರಿ ಕಳಿಸಿದರು. ತಿರುಗಿ ಬರುವಾಗ ಅವರ ಅಡುಗೆಮನೆಯಲ್ಲಿ ಯಾರೂ ಇಲ್ಲ, ಲೈಟು ಉರಿಯುತ್ತಿದೆ. ಬಚ್ಚಲಿಗೆ ಹೋಗುವ ಇಕ್ಕಟ್ಟು ದಾರಿಯಲ್ಲಿ ಯಾರೂ ಇಲ್ಲ, ಅಲ್ಲೂ ಲೈಟು. ನಮ್ಮ ಜನಕ್ಕೆ ಇದು ಹುಟ್ಟುಗುಣ, ಕೋಣೆ ಬಿಟ್ಟರೆ ಲೈಟ್ ಆರಿಸಬೇಕು. ಅ ಆ ಇ ಈ ತಿದ್ದಿಸುವುದಕ್ಕಿಂತ ಮೊದಲು ನಮಗೆ ಕಲಿಸುವುದು ಅದನ್ನೇ. ಪಾಪ, ಮುದುಕಿ ಮರೆತಿದ್ದಾರೆ, ಕರೆಂಟ್ ಬಿಲ್ ಏರುತ್ತದೆ ಅಂತ ಅವ್ವ ಟಕ್ ಟಕ್ ಅಂತ ಎಲ್ಲ ಆರಿಸಿ ಬಂದಳು. ಉಪಕಾರ ಮಾಡಿದೆ ಅಂತ ಹಿಗ್ಗಿದಳು ಬೇರೆ. ಆಯಿ ಆ ಲೈಟುಗಳನ್ನು ಬೇಕೆಂದೇ ಹೊತ್ತಿಸಿಟ್ಟಿದ್ದರು. ಶಬ್ಬೊಸ್ ಹೊಕ್ಕ ಮೇಲೆ ಅವರು ಸ್ವಿಚ್ ಮುಟ್ಟುವಂತಿಲ್ಲ, ಹೊತ್ತಿಸು ಅಂತ ಬೇರೆಯವರಿಗೆ ಹೇಳುವಂತೆಯೂ ಇಲ್ಲ. ಮೇಣದಬತ್ತಿ ಆರಿದ ಮೇಲೆ ಇಡೀ ಮನೆ ಕತ್ತಲು.

ಬೆಳಿಗ್ಗೆ ಬಟ್ಟಲು ತರಲು ಹೋದರೆ ಆಯಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಕತ್ತಲಲ್ಲಿ ಬಾಗಿಲಿಗೆ ಬಡಿದು ಮೊಣಕಾಲು ನೀಲಿಗಟ್ಟಿತ್ತು. ಯಾಕೆ, ಏನು ಅಂತ ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿ ತಿಳಿದುಕೊಂಡು ಅವ್ವನಿಗೆ ಹೇಳಿದೆ. ಅವ್ವ ಅಲ್ಲೇ ಅತ್ತುಬಿಟ್ಟಳು. ಮೂಲೆಯಲ್ಲಿದ್ದ ಕಸಬರಿಗೆ ಹಿಡಿದು ಗುಡಿಸಲು ಹೋದಳು, ಪಾತ್ರೆ ತೊಳೆಯಲು ಹೋದಳು. ತಪ್ಪಿಗೆ ದುಡಿಮೆಯಿಂದಲ್ಲದೆ ಬೇರೆ ರೀತಿಯಲ್ಲಿ ಕ್ಷಮೆ ಕೇಳುವುದು ಅವಳಿಗೆ ಗೊತ್ತಿರಲಿಲ್ಲ. ಆಯಿ ಕೈ ಹಿಡಿದು ಎದುರಿನ ಕುರ್ಚಿ ತೋರಿಸಿದರು. "ಸಿಟ್, ಡಾರ್ಲಿಂಗ್. ಸಿಟ್." ಒಂದು ನಿಮಿಷ ಅಂತ ಕೂತ ಅವ್ವ ಮಧ್ಯಾಹ್ನದವರೆಗೂ ಕೂತಳು. ಬೆನ್ನು ಹಿಂದಕ್ಕೆ ಒರಗಿಸಿ, ಕೈ ಮಡಿಲಲ್ಲಿಟ್ಟುಕೊಂಡು, ಏನೂ ಸೋಸದೆ, ಏನೂ ಹೆರೆಯದೆ, ಸುಮ್ಮನೆ. ನನ್ನವ್ವನನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು.

ಆಮೇಲೆ ಪ್ರತಿ ಶನಿವಾರ ಹೋಗತೊಡಗಿದಳು. ಬಾಗಿಲು ತೆರೆದರೆ ಒಂದು ಭಾರವಾದ ವಾಸನೆ ಬರುತ್ತಿತ್ತು. ಶುಕ್ರವಾರ ಸಂಜೆಯೇ ಸಣ್ಣ ಬಿಸಿಯ ಮೇಲಿಟ್ಟು ರಾತ್ರಿಯಿಡೀ ಬೇಯಲು ಬಿಟ್ಟ ಕಾಳು, ಆಲೂಗಡ್ಡೆ, ಈರುಳ್ಳಿಯ ವಾಸನೆ. ಅದರಲ್ಲಿ ಮಾಂಸವೂ ಇರುತ್ತಿದ್ದುದರಿಂದ ನಾವು ತಿನ್ನುತ್ತಿರಲಿಲ್ಲ, ಆಯಿಯೂ ಒತ್ತಾಯ ಮಾಡುತ್ತಿರಲಿಲ್ಲ. ಅವ್ವ ತನ್ನ ಊಟ ತಾನೇ ಒಯ್ಯುತ್ತಿದ್ದಳು: ಗರಿಗರಿ ಒಣಗಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಮೊಸರು. ಒಲೆ ಹೊತ್ತಿಸದೆ ಉಣ್ಣಬಹುದಾದ ಊಟ ನಮ್ಮಲ್ಲಿ ಮೊದಲಿನಿಂದಲೂ ಇತ್ತು, ಹೊತ್ತಿಸದೆ ಇರುವ ದಿನ ಮಾತ್ರ ಇರಲಿಲ್ಲ. ಆಯಿಯ ಬ್ರೆಡ್ಡಿನ ಮೇಲೆ ದ್ರಾಕ್ಷಿಗೊಂಚಲಿನ ಕಸೂತಿ ಹಾಕಿದ ಬಿಳಿ ಬಟ್ಟೆ ಮುಚ್ಚಿರುತ್ತಿತ್ತು. ಯಾಕೆ ಅಂತ ಕೇಳಿದೆ. ಮೊದಲು ದ್ರಾಕ್ಷಾರಸಕ್ಕೆ ಪ್ರಾರ್ಥನೆ, ಆಮೇಲೆ ಬ್ರೆಡ್ಡಿಗೆ. ತನ್ನ ಸರದಿ ಹಿಂದಾಯಿತಲ್ಲ ಅಂತ ಬ್ರೆಡ್ಡಿಗೆ ಅವಮಾನ ಆಗಬಾರದು, ಅದಕ್ಕೆ ಅಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವ ಬಹಳ ಹೊತ್ತು ಆ ಬಟ್ಟೆಯನ್ನೇ ನೋಡಿದಳು.

ಅವರಿಬ್ಬರ ಮಾತಿಗೆ ನಾನೇ ಸೇತುವೆ. ಒಂದು ಶನಿವಾರ ಅವ್ವ, "ನಮ್ಮ ಊರಾಗ ಸೋಮವಾರ ಎತ್ತಿಗೆ ನೊಗಾ ಇಡೂದಿಲ್ರೀ ಆಯಿ. ಅದು ಬಸವಣ್ಣನ ವಾರ," ಅಂದಳು. ನೊಗಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ, ಕುತ್ತಿಗೆಯ ಮೇಲೆ ಎರಡೂ ಕೈ ಇಟ್ಟು ತೋರಿಸಿದೆ. ಆಯಿ ಎದ್ದು ಕೂತರು. ಎತ್ತು ತಮ್ಮ ಧರ್ಮದಲ್ಲೂ ಇದೆ ಅಂದರು. ನೀನು, ನಿನ್ನ ಮಗ, ಮಗಳು, ಆಳು, ಕೆಲಸದವಳು, ಎತ್ತು, ಕತ್ತೆ, ನಿನ್ನ ಬಾಗಿಲೊಳಗಿರುವ ಪರದೇಶಿ, ಇಷ್ಟು ಜನಕ್ಕೂ ಆ ದಿನ ವಿಶ್ರಾಂತಿ ಅಂತ ದೇವರ ಅಪ್ಪಣೆಯಂತೆ. ಅವ್ವ ಬೆರಳು ಮಡಚುತ್ತ ಕೇಳಿ, "ಹೇಂತಿ ಎಲ್ಲಿ?" ಅಂದಳು. ಆಯಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರೂ ಮದುವೆಯಾದ ಹೊಸದರಲ್ಲಿ ಗಂಡನನ್ನು ಅದನ್ನೇ ಕೇಳಿದ್ದರಂತೆ. 'ನೀನು' ಅನ್ನುವುದರಲ್ಲಿ ಹೆಂಡತಿಯೂ ಬಂದಳು ಅಂತ ಗಂಡ ಹೇಳಿದನಂತೆ. ಹಾಗಾದರೆ ನಾನೂ ಕೂತೆ ಅಂತ ಇವರು ಕೂತೇಬಿಟ್ಟರಂತೆ. ಶುಕ್ರವಾರವೆಲ್ಲ ಓಡಿ ಓಡಿ ಸಾಯುವುದು ಹೆಂಗಸೇ, ಅದು ಸುಳ್ಳಲ್ಲ, ಆದರೆ ಹೊತ್ತು ಮುಳುಗಿದ ಮೇಲೆ ನನ್ನನ್ನು ಎಬ್ಬಿಸುವ ಅಧಿಕಾರ ರಾಜನಿಗೂ ಇಲ್ಲ ಅಂದರು. ಅವ್ವ ನಗಲಿಲ್ಲ. "ಎತ್ತಿಗೆ ಸೋಮವಾರ ಇತ್ತು. ನಮ್ಮವ್ವ ಸೋಮವಾರನೂ ರೊಟ್ಟಿ ಬಡೀತಿದ್ಲು. ಆ ಎತ್ತಿಗೆ ನೀರು ಕುಡಸಾಕಿನೂ ಅಕಿನ," ಅಂದಳು.

ದಣಿದಿದ್ದಕ್ಕೆ ಕೂರುವುದಲ್ಲ ಅಂತ ಆಯಿ ಹೇಳುತ್ತಿದ್ದರು. ಎತ್ತೂ ದಣಿದರೆ ಮಲಗುತ್ತದೆ. ಅವರ ಹಿರಿಯರು ಒಂದು ಕಾಲಕ್ಕೆ ಗುಲಾಮರಾಗಿದ್ದರು, ಗುಲಾಮನಿಗೆ ತನ್ನದು ಅನ್ನುವ ದಿನ ಇರುವುದಿಲ್ಲ. ನನಗೊಂದು ದಿನ ಇದೆ ಅಂದರೆ ನಾನು ಯಾರ ಸ್ವತ್ತೂ ಅಲ್ಲ ಅಂತ ಅರ್ಥ. ಆಯಿ ಹರೆಯದಲ್ಲಿ ಹೊಲಿಗೆ ಫ್ಯಾಕ್ಟರಿಗಳಲ್ಲಿ ದುಡಿದವರು. ಶನಿವಾರ ಬರುವುದಿಲ್ಲ ಅಂದದ್ದಕ್ಕೆ ಕೆಲಸ ಹೋಗುತ್ತಿತ್ತು, ಸೋಮವಾರ ಹೊಸ ಕೆಲಸ ಹುಡುಕುತ್ತಿದ್ದರು, ಮತ್ತೆ ಶನಿವಾರ ಬರುತ್ತಿತ್ತು. ಹೇಳುವಾಗ ಅವರ ಕೆನ್ನೆ ಕೆಂಪಾಗುತ್ತಿತ್ತು. ಅವರ ಶಾಂತಿಯ ಅಡಿಯಲ್ಲಿ ಎಷ್ಟು ಸಿಟ್ಟಿತ್ತು ಅನ್ನುವುದು ನನಗೆ ಈಗ ತಿಳಿಯುತ್ತದೆ.

ಸಂಜೆ ನಾವು ಮೂವರೂ ಹಿತ್ತಲಿನ ಬಟ್ಟೆ ಒಣಹಾಕುವ ಕಂಬದ ಹತ್ತಿರ ನಿಂತು ಚಿಕ್ಕಿ ಹುಡುಕುತ್ತಿದ್ದೆವು. ಆಯಿಗೆ ಕಣ್ಣು ಮಂಜು, ನಾವೇ ಹೇಳಬೇಕು. ಮೂರು ಕಂಡರೆ ಶಬ್ಬೊಸ್ ಮುಗಿಯಿತು. ಆಗ ಆಯಿ ಜಡೆ ಹೆಣೆದಂಥ ಮೇಣದಬತ್ತಿ ಹೊತ್ತಿಸಿ, ಲವಂಗ ದಾಲ್ಚಿನ್ನಿ ತುಂಬಿದ ಸಣ್ಣ ಬೆಳ್ಳಿ ಡಬ್ಬಿಯನ್ನು ಒಬ್ಬೊಬ್ಬರ ಮೂಗಿಗೆ ಹಿಡಿಯುತ್ತಿದ್ದರು. ದಿನ ಹೊರಟುಹೋಯಿತಲ್ಲ, ಆ ದುಃಖಕ್ಕೆ ಪರಿಮಳದ ಸಮಾಧಾನವಂತೆ. ಮೂರನೆಯದು ನನಗೆ ಢಾಳಾಗಿ ಕಾಣುತ್ತಿರುವಾಗಲೂ ಅವ್ವ ಕತ್ತೆತ್ತಿ, "ಇಲ್ಲಾ, ಇನ್ನೂ ಎರಡ ಕಾಣ್ತಾವು," ಅನ್ನುತ್ತಿದ್ದಳು. ನಾನು ಬಾಯಿ ತೆರೆದರೆ ತೋಳಿಗೆ ಸಣ್ಣಗೆ ಚಿವುಟುತ್ತಿದ್ದಳು. ಆಯಿಗೂ ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ. "ದೆನ್ ವಿ ವೇಟ್," ಅನ್ನುತ್ತಿದ್ದರು.

ಅಪ್ಪನಿಗೆ ಇದು ಮೈಗೆ ಹತ್ತಲಿಲ್ಲ. ಶನಿವಾರ ಅಂದರೆ ಅವರಿಗೆ ಗೆಳೆಯರನ್ನು ಊಟಕ್ಕೆ ಕರೆಯುವ ದಿನ. ಕ್ರೇಗಿಬರ್ನ್‌ನಿಂದ ಪಾಟೀಲ ಅಂಕಲ್ ಮನೆಮಂದಿಯೊಡನೆ ಬಂದರೆ ಕಟಕ ರೊಟ್ಟಿ ಮುಂದಿಡುವುದು ಅವರಿಗೆ ನಾಚಿಕೆ. ಪಾಟೀಲ ಅಂಕಲ್ ಸೋಫಾದ ಮೇಲೆ ಕಾಲು ಚಾಚಿ ಅವ್ವನಿಗೆ, "ವೈನಿ, ಇವತ್ತ ಚಹಾ ಸಿಗತದೋ, ಚಿಕ್ಕಿ ಮೂಡೂತನಕಾ ಕಾಯಬೇಕೋ?" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಅವರ ಹೆಂಡತಿಯೂ ನಗುತ್ತಿದ್ದಳು, ನಗುತ್ತಲೇ ಎದ್ದು ಚಹಾ ಮಾಡಲು ಹೋಗುತ್ತಿದ್ದಳು. ಏಕಾದಶಿ ಮಾಡು, ಸಂಕಷ್ಟಿ ಮಾಡು, ಉಪವಾಸ ಬಿದ್ದು ಸೊಂಟ ಮುರಿಯುವ ಹಾಗೆ ಮನೆ ಸಾರಿಸು, ಯಾರೂ ನಗುವುದಿಲ್ಲ, ಪುಣ್ಯವಂತೆ ಅನ್ನುತ್ತಾರೆ. ಒಬ್ಬ ಹೆಂಗಸು ಒಂದು ದಿನ ಕುರ್ಚಿಯಲ್ಲಿ ಕೂತರೆ ಮಾತ್ರ ಊರಿಗೆಲ್ಲ ಹಾಸ್ಯ.

ಕೆಲವು ವರ್ಷದ ಮೇಲೆ, ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ ಬಂದ ಮೇಲೆ, ಅಪ್ಪ ಮೆಲ್ಬರ್ನಿನ ಹೊರಗಿನ ವಿಂಡಮ್ ವೇಲ್‌ನಲ್ಲಿ ಹೊಸ ಮನೆ ಕಟ್ಟಿಸಿದರು. ಸ್ವಂತ ಮನೆ, ಅದರ ಬೆನ್ನಿಗೆ ಬ್ಯಾಂಕಿನ ಸಾಲ, ಎಲ್ಲರಂತೆ ನಮಗೂ ಬೇಕಲ್ಲ. ಸಾಮಾನು ಕಟ್ಟುವಾಗ ಅವ್ವ ಕೇಳಿದ್ದು ಒಂದೇ ಮಾತು. "ಅಲ್ಲಿ ಹೋದ ಮ್ಯಾಲೂ ಶನಿವಾರ ಒಂದು ನನಗ ಬಿಡ್ರಿ." ಅಪ್ಪ, "ಯಾಕ, ಧರ್ಮಾ ಬದಲ್ ಮಾಡೀಯೇನು?" ಅಂದರು. ಹೊರಡುವ ದಿನ ಆಯಿ ಆ ದ್ರಾಕ್ಷಿಗೊಂಚಲಿನ ಬಿಳಿ ಬಟ್ಟೆಯನ್ನು ಅವ್ವನ ಕೈಗಿತ್ತರು. ಮನೆ ಮಾತ್ರ ನನ್ನದು, ದಿನ ನನ್ನದಲ್ಲ, ಅದನ್ನು ನೀನು ಒಯ್ಯಬಹುದು ಅಂದರು.

ಒಯ್ದಳು. ಹೊಸ ಮನೆಯ ಲಾಂಡ್ರಿಯಲ್ಲಿ ಹೊಸ ಮಷಿನ್, ಅವ್ವನಿಗಾಗಿಯೇ ಕೊಂಡದ್ದು ಅಂತ ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು. ಮೊದಲ ಶುಕ್ರವಾರ ಸಂಜೆ ಅವ್ವ ಆ ಬಟ್ಟೆಯನ್ನು ಮಷಿನ್ ಮೇಲೆ ಹಾಸಿದಳು. ಸುಕ್ಕು ಸರಿಮಾಡಿ, ನಾಲ್ಕೂ ಮೂಲೆ ಎಳೆದು. ಶನಿವಾರ ಬೆಳಿಗ್ಗೆ ಕಟಕ ರೊಟ್ಟಿಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಳು. ಹೊರಗೆ ನೋಡಲು ಮಣ್ಣಿನ ಗುಡ್ಡೆ, ಅರ್ಧ ಕಟ್ಟಿದ ಮನೆಗಳು ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ಲಾಂಡ್ರಿಗೆ ಹೋದರು. ಬಟ್ಟೆಯನ್ನು ಬಿಸಾಡಲಿಲ್ಲ, ನೀಟಾಗಿ ಮಡಚಿ ಶೆಲ್ಫಿನ ಮೇಲಿಟ್ಟರು. "ನೀ ಕೂಡು, ನಾನ ಹಾಕ್ತೀನಿ," ಅಂದು ವಾರದ ಅರಿವಿಯನ್ನೆಲ್ಲ ತುರುಕಿ, ಗುಂಡಿ ಒತ್ತಿ, ಹೋಗಿ ಕ್ರಿಕೆಟ್ ಹಾಕಿಕೊಂಡರು. ಮಷಿನ್ ತಿರುಗಿತು, ನಿಂತಿತು, ಟೀ ಟೀ ಅಂದಿತು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಿತು. ಅಪ್ಪ ಟಿವಿಯ ಸೌಂಡ್ ಜಾಸ್ತಿ ಮಾಡಿದರು. ನಾನು ಎದ್ದೆ, "ನೀ ಓದಕೋ," ಅಂತ ಅವ್ವ ನನ್ನನ್ನು ಕೂರಿಸಿದಳು. ಮೂರನೆಯ ಸಲ ಕೂಗಿದಾಗ ಅವಳು ಕುರ್ಚಿಯ ತೋಳಿಗೆ ಕೈ ಊರಿ ಎದ್ದಳು. ತೆಗೆದಳು, ಒಣಹಾಕಿದಳು, ಮಡಚಿದಳು. ಆಮೇಲೆ ಆ ಮನೆಯಲ್ಲಿ ಅವಳು ಶನಿವಾರ ಕೂರಲಿಲ್ಲ. ಶನಿವಾರದ ಶಿಫ್ಟಿಗೆ ಸಂಬಳ ಹೆಚ್ಚು ಅಂತ ಅಪ್ಪ ನೆನಪಿಸಿದರು, ಹೇಗೂ ಮನೆಯಲ್ಲಿ ದುಡಿಯುವುದೇ ತಾನೆ ಅಂತ ಅವಳೂ ಒಪ್ಪಿದಳು. ಅಲ್ಲಿಗೆ ಶನಿವಾರ ಬ್ಯಾಂಕಿನ ಪಾಲಾಯಿತು.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅವ್ವ ಕೆಲಸದ ಲಾಂಡ್ರಿಯಲ್ಲಿ ತಲೆಸುತ್ತಿ ಬಿದ್ದಳು, ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು. ಅವತ್ತು ಗುರುವಾರ, ಕಥೆ ಚೆಂದವಾಗಲಿ ಅಂತ ನಾನು ವಾರ ಬದಲಿಸಲಾರೆ. ಮಾತಾಡಿಸಲು ಬಂದವರಿಂದ ಮನೆ ತುಂಬಿತು. ಬಂದವರೆಲ್ಲ ಒಂದೇ ಮಾತು ಆಡಿದರು. "ಒಂದ ದಿನ ಸುಮ್ಮ ಕೂತಾಕಿ ಅಲ್ಲ." "ಗಾಣದೆತ್ತಿನಂಗ ದುಡದಳು." ಅದು ಹೊಗಳಿಕೆಯಂತೆ! ಗಾಣದ ಎತ್ತಿಗೂ ಬಸವಣ್ಣನ ಸೋಮವಾರ ಇದೆ ಅಂತ ಕೂಗಬೇಕೆನಿಸಿತು. ಕೂಗಲಿಲ್ಲ, ಯಾಕೆಂದರೆ ನನ್ನ ಕೈಯಲ್ಲಿ ಚಹಾದ ಟ್ರೇ ಇತ್ತು. ತಾಯಿ ಸತ್ತ ಹುಡುಗಿಯ ಕೈಗೆ ಟ್ರೇ ಕೊಟ್ಟವರು ಯಾರು ಅಂತ ನನಗೆ ನೆನಪಿಲ್ಲ. ಯಾರೂ ಕೊಟ್ಟಿರಲಿಕ್ಕಿಲ್ಲ; ಆ ಮನೆಯಲ್ಲಿ ಅದು ತಾನಾಗಿಯೇ ಬಂದು ಹೆಂಗಸರ ಕೈ ಸೇರುತ್ತಿತ್ತು. ಆಗ ಆಯಿ ಬಂದರು, ಕೋಲೂರಿಕೊಂಡು, ಅವರ ಗಂಡನ ಸೋದರಳಿಯನ ಕಾರಿನಲ್ಲಿ. ಅವರಲ್ಲಿ ಸಾವಾದ ಮನೆಯವರು ನೆಲದ ಹತ್ತಿರ ಕೂತೇ ಇರಬೇಕು, ಬಂದವರೇ ಅವರಿಗೆ ಉಣಿಸಬೇಕು. ಬಾಗಿಲಲ್ಲೇ ನನ್ನನ್ನು ನೋಡಿದರು. ಟ್ರೇ ಇಸಿದುಕೊಂಡು ಪಾಟೀಲ ಅಂಕಲ್ ತೊಡೆಯ ಮೇಲಿಟ್ಟರು. "ಸಿಟ್, ಡಾರ್ಲಿಂಗ್. ದೇ ಹ್ಯಾವ್ ಹ್ಯಾಂಡ್ಸ್," ಅಂದರು. ನಾನು ಅವರ ಕಾಲ ಬುಡದಲ್ಲಿ ಕೂತು ಅವತ್ತು ಮೊದಲ ಸಲ ಅತ್ತೆ.

ಈಗ ಆಯಿಯೂ ಇಲ್ಲ. ಕಾಲ್‌ಫೀಲ್ಡಿನ ಮನೆ ಕೆಡವಿ ಫ್ಲ್ಯಾಟ್ ಕಟ್ಟಿದ್ದಾರೆ, ಹಿತ್ತಲಿದ್ದಲ್ಲಿ ಕಾರು ನಿಲ್ಲುತ್ತವೆ. ಬಿಳಿ ಬಟ್ಟೆ ನನ್ನ ಹತ್ತಿರವಿದೆ. ಅಪ್ಪ ವಿಂಡಮ್ ವೇಲ್‌ನಲ್ಲೇ ಇದ್ದಾರೆ. ಹೋದ ಶನಿವಾರ ಅವ್ವ ತೀರಿಕೊಂಡ ದಿನ ಬಂತು. ಸಂಜೆ ಅಪ್ಪ ಫೋನ್ ಮಾಡಿದರು, ಫೋಟೋಕ್ಕೆ ಹಾರ ಹಾಕಿದ್ದು ಹೇಳಿದರು, ದನಿ ಒದ್ದೆ ಮಾಡಿಕೊಂಡು ಪ್ರತಿ ವರ್ಷದ ಮಾತನ್ನೇ ಆಡಿದರು. "ನಿಮ್ಮವ್ವ ಒಂದ ದಿನ ಸುಮ್ಮ ಕೂತಾಕಿ ಅಲ್ಲ ನೋಡವಾ."

"ಅವ್ವ ಕುಂತಿದ್ಲು ಅಪ್ಪಾ," ಅಂದೆ. "ಎಬ್ಬಿಸಿದವ್ರು ನೀವು."

ಅಪ್ಪ ಸಣ್ಣ ದನಿಯಲ್ಲಿ, "ಅವತ್ತ ಮಷಿನ್ನಿಗೆ ನಾನ ಹಾಕಿದ್ದೆ ಅಲ್ಲಾ," ಅಂದರು. ಇಷ್ಟು ವರ್ಷ ಅವರಿಗೂ ಅದು ನೆನಪಿತ್ತು.

"ಹಾಕಿದ್ರಿ," ಅಂದೆ. "ತಗೀಲಿಲ್ಲ."

ಫೋನ್ ಇಟ್ಟು ಹಿತ್ತಲಿಗೆ ಬಂದೆ. ಬೇಲಿಯಾಚೆ ಬಟ್ಟೆ ಒಣಗಿ ಗಾಳಿಗೆ ಆಡುತ್ತಿದ್ದವು, ಆ ಹೆಂಗಸು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಆಕಾಶದಲ್ಲಿ ಮೊದಲನೆಯದು ಮೂಡಿತ್ತು, ಎರಡನೆಯದೂ ಮೂಡಿತ್ತು. ಮೂರನೆಯದು ಅವಳ ಮನೆಯ ಚಿಮಣಿಯ ಮೇಲೆ ಢಾಳಾಗಿ ಕಾಣುತ್ತಿತ್ತು. ಇಲ್ಲಾ, ಇನ್ನೂ ಎರಡ ಕಾಣ್ತಾವು ಅಂತ ನಾನು ಗಟ್ಟಿಯಾಗಿ ಅಂದೆ. ಅಂದು, ಮೆಟ್ಟಿಲ ಮೇಲೆ ಕೂತೆ.